ಮೊಟ್ಟೆ ಚೀಲ

ಆಟೋ ಯಾದವಗಿರಿಯ ರಸ್ತೆಗೆ ಹೊರಳಿದಾಗ ಶಿವಕುಮಾರ ಮಡಿಲಲ್ಲಿದ್ದ ಬಟ್ಟೆ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಹೀಗೇ ಮಾಡುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಸೋದರಮಾವ ಶಿವಲಿಂಗಯ್ಯನಿಗೆ ಇದನ್ನು ನೋಡಿ ನೋಡಿ ಸಾಕಾಗಿತ್ತು. 'ಅದೇನು ಕೂಸಾ, ಅಂಗೆ ಎತ್ಕೊಳಕ್ಕೆ? ಕೆಳಗಿಡೋ' ಎಂದ. ಶಿವಕುಮಾರ ಇಡಲಿಲ್ಲ. ಚೀಲದೊಳಗೆ ತೂತು ಕೊರೆದ ರಟ್ಟಿನ ಡಬ್ಬ, ಡಬ್ಬದೊಳಗೆ ರೇಷ್ಮೆ ಮೊಟ್ಟೆಯ ಹಾಳೆಗಳು. ಬೆಳಗ್ಗೆ ಮೊಟ್ಟೆ ಮಾರುವ ಸರ್ಕಾರಿ ಬಿತ್ತನೆ ಕೋಠಿಯಲ್ಲಿ ಕೈಗೆ ಕೊಡುವಾಗಲೇ ಒಂದೊಂದು ಮೊಟ್ಟೆಯಲ್ಲೂ ಕಪ್ಪು ಚುಕ್ಕಿ ಕಾಣಿಸಿಕೊಂಡಿತ್ತು. ಒಳಗೆ ಹುಳುವಿನ ತಲೆ ಕಟ್ಟಿದೆ ಎಂದರ್ಥ. ನಾಳೆ ಬೆಳಗಿನ ಬೆಳಕು ಬಿದ್ದರೆ ಒಡೆಯುತ್ತವೆ. ಅಲ್ಲಿಯತನಕ ಬಿಸಿಲು ತಾಗಬಾರದು, ಕುಲುಕಬಾರದು, ಹೊಗೆ ಸೋಕಬಾರದು, ಸೆಂಟಿನ ವಾಸನೆಯಂತೂ ಹತ್ತಿರ ಸುಳಿಯಲೇಬಾರದು. ಇಂಥದ್ದನ್ನು ಕೈಯಲ್ಲಿ ಹಿಡಿದುಕೊಂಡು ಹೆಣ್ಣು ನೋಡಲು ಹೊರಟವನು ಮೈಸೂರು ಸೀಮೆಯಲ್ಲಿ ತಾನೊಬ್ಬನೇ ಇರಬೇಕು ಎಂದು ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ.

ಎರಡು ಕೆಲಸಕ್ಕೂ ಒಂದೇ ದಿನ ಗಂಟು ಹಾಕಿದವನು ಮಾವ. 'ಎಂಗೂ ಮೊಟ್ಟೆ ತರಕ್ಕೆ ಮೈಸೂರ್ಗೆ ಬತ್ತೀಯಲ್ಲ, ಅಂಗೇ ಕುಂಬಾರಕೊಪ್ಪಲಿಗೂ ಓಗಿ ಹುಡುಗೀನ ನೋಡ್ಕೊಂಡು ಬಂದ್ಬುಡಣ' ಎಂದಿದ್ದ. ಹುಡುಗಿಯ ಮನೆಯವರು ಮಾವನ ಹೆಂಡತಿಯ ಕಡೆಯಿಂದ ದೂರದ ನೆಂಟರು, ವರಸೆಯಲ್ಲಿ ಆಕೆ ಹುಡುಗಿಗೆ ಚಿಕ್ಕಮ್ಮ ಆಗಬೇಕು. ಕೋಠಿಯಿಂದ ಬೇಗ ಬಿಡುಗಡೆಯಾದರೆ ಚೀಲವನ್ನು ಅಗ್ರಹಾರದ ಗೆಳೆಯನ ರೂಮಿನಲ್ಲಿ ತಣ್ಣಗೆ ಇಟ್ಟು ಹೋಗುವುದು ಅಂತ ಶಿವಕುಮಾರನ ಲೆಕ್ಕ. ಆದರೆ ಕೋಠಿಯಲ್ಲಿ ಸರತಿ ಉದ್ದವಿತ್ತು. ರಾಹುಕಾಲ ಹುಟ್ಟುವುದರೊಳಗೆ ಹೆಣ್ಣಿನ ಮನೆಯ ಹೊಸಿಲು ದಾಟಬೇಕೆಂದು ಮಾವ ಎದ್ದೂ ಬಿದ್ದೂ ಆಟೋ ಹತ್ತಿಸಿದ. ಆ ಗಡಿಬಿಡಿಯಲ್ಲಿ ಹಣ್ಣು ಹೂವು ಕೊಳ್ಳುವುದೂ ಮರೆತುಹೋಯಿತು.

'ಕೇಳುದ್ರೆ ರೇಷ್ಮೆ ಇಲಾಖೆ ಅನ್ನು. ಜಾಸ್ತಿ ಬುಡಿಸಿ ಏಳಕ್ಕೆ ಓಗ್ಬ್ಯಾಡ' ಎಂದ ಮಾವ. ಈ ಮಾತನ್ನು ಊರಲ್ಲಿ ಒಂದು ಸಲ, ಬಸ್ಸಿನಲ್ಲಿ ಒಂದು ಸಲ ಹೇಳಿ ಆಗಿತ್ತು.

'ನಾನು ಇಲಾಖೇಲಿ ಇಲ್ವಲ್ಲ ಮಾವ.'

'ಇಲಾಖೆಯೋರು ಬಂದು ನಿನ್ನ ಚಾಕಿ ಮನೆ ನೋಡ್ಕೊಂಡು ಓಯ್ತಾರಾ ಇಲ್ವಾ? ಬಾಗ್ಲು ಮೇಲೆ ಇಲಾಖೆ ಬೋರ್ಡು ತಗಲಾಕಿದ್ದೀಯಾ ಇಲ್ವಾ? ಮತ್ತಿನ್ನೇನು ನಿಂದು ತಕರಾರು?'

ತಕರಾರು ಏನೆಂದು ಅವನಿಗೂ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಸುಳ್ಳು ಹೇಳುವುದಕ್ಕೆ ನಾಚಿಕೆಯಲ್ಲ, ಆ ಸುಳ್ಳು ಬೇಕಾಯಿತಲ್ಲ ಎನ್ನುವುದು ಮುಳ್ಳಾಗಿ ಚುಚ್ಚುತ್ತಿತ್ತು. ಬಿ.ಕಾಂ. ಮುಗಿಸಿ ನರಸೀಪುರದ ಕಡೆಯ ತನ್ನ ಹಳ್ಳಿಗೆ ವಾಪಸು ಹೋದವನು, ಹಳೇ ದನದ ಕೊಟ್ಟಿಗೆಯನ್ನು ಕೆಡವಿ, ತಾನೇ ಇಟ್ಟಿಗೆ ಹೊತ್ತು ಚಾಕಿ ಮನೆ ಕಟ್ಟಿದ್ದ. ಚಾಕಿ ಎಂದರೆ ಮರಿಹುಳು. ಮೊಟ್ಟೆ ಒಡೆಸಿ, ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಹುಳು ಎರಡು ಸಲ ಪೊರೆ ಕಳಚಿ ಗಟ್ಟಿಯಾಗುವತನಕ ಸಾಕಿ ಆಮೇಲೆ ರೈತರಿಗೆ ಕೊಡುವ ದಂಧೆ. ಸುತ್ತಿನ ಹಳ್ಳಿಯ ರೈತರು ತಮ್ಮ ಹಿಪ್ಪುನೇರಳೆ ತೋಟ ಸವರಿ, ಸೊಪ್ಪು ಚಿಗುರುವ ಹೊತ್ತಿಗೆ ಸರಿಯಾಗಿ ಇವನ ಹುಳು ಬರುತ್ತದೆಂದು ನಂಬಿ ಕೂತಿರುತ್ತಿದ್ದರು. ವಯಸ್ಸಾದವರು ಕೂಡ 'ನಮ್ಮ ಚಾಕಿಯಪ್ಪ' ಎಂದು ಕರೆಯುತ್ತಿದ್ದರು. ಊರಲ್ಲಿ ಇಷ್ಟು. ಊರು ದಾಟಿ ಮದುವೆ ಮನೆಗಳಿಗೆ ಹೋದರೆ ಚಿಕ್ಕಪ್ಪಂದಿರು ಅವನನ್ನು ಬೇರೆಯವರಿಗೆ ಪರಿಚಯ ಮಾಡಿಸುವಾಗ ದನಿ ಸಣ್ಣದು ಮಾಡಿ 'ಇವ್ನು ಊರಲ್ಲೇ ಇದಾನೆ' ಎನ್ನುತ್ತಿದ್ದರು. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದರೆ ಹೇಳುತ್ತಾರಲ್ಲ, ಅದೇ ದನಿ. ನಂಜನಗೂಡಿನಲ್ಲಿ ನೋಡಿದ ಹುಡುಗಿಯ ಅಣ್ಣ, 'ಹುಳ ಸಾಕ್ತೀರಾ? ಮನೇಲೇನಾ?' ಎಂದು ಕೇಳಿದ್ದ, ಅಡುಗೆಮನೆಯೊಳಗೆ ಹೆಂಗಸರು ಕಿಸಕ್ಕೆಂದಿದ್ದರು. ಇನ್ನೊಂದು ಕಡೆ, ನಾಲೆಯ ಕೆಳಗೆ ಗದ್ದೆ ಇಟ್ಟುಕೊಂಡು ತಾನೇ ಉಳುವ ಮನುಷ್ಯ, ಜವಾನನಾದರೂ ಚಿಂತೆಯಿಲ್ಲ ಸರ್ಕಾರದ್ದು ಬೇಕು ಎಂದುಬಿಟ್ಟ. ಆ ಮನೆಯಲ್ಲಿ ಕೊಟ್ಟ ಕಾಫಿ ಬಿಸಿಯಾಗಿತ್ತು, ಬಿಟ್ಟು ಏಳುವಂತಿರಲಿಲ್ಲ. ಕುಡಿದು ಮುಗಿಸುವವರೆಗೆ ಅವರೆಲ್ಲರ ಮುಂದೆ ಲೋಟ ಊದಿ ಊದಿ ಆರಿಸಿಕೊಳ್ಳುತ್ತ ಕೂತಿದ್ದ. ಅವ್ವ ಈಗೀಗ ಹೆಣ್ಣಿನ ಮಾತೇ ಎತ್ತುವುದಿಲ್ಲ. ಅವಳು ಸುಮ್ಮನಿರುವುದೇ ಅವನಿಗೆ ಹಿಂಸೆ.

ಕುಂಬಾರಕೊಪ್ಪಲಿನ ಗಲ್ಲಿಯ ಬಾಯಲ್ಲಿ ಆಟೋ ನಿಂತಿತು. ಇಳಿದವನು ಹೆಜ್ಜೆ ಇಟ್ಟನೋ ಇಲ್ಲವೋ, ವಾಸನೆ ಮೂಗಿಗೆ ಬಡಿಯಿತು. ಚಂದನ, ಸಾಂಬ್ರಾಣಿ, ಸಂಪಿಗೆಯ ಸೆಂಟು, ಎಲ್ಲ ಕಲಸಿ ಗಂಟಲಿಗೆ ಇಳಿಯುವಂಥ ವಾಸನೆ. ಮಾವ ಕೈ ತೋರಿಸಿದ ಮೂರನೇ ಮನೆಯ ಪಕ್ಕದ ಶೆಡ್ಡಿನ ಮುಂದೆ ಗೋಣಿಯ ಮೇಲೆ ಕಪ್ಪು ಕಡ್ಡಿಗಳನ್ನು ಹರವಿ ಒಣಗಲು ಹಾಕಿದ್ದರು.

'ಮಾವ, ಇವ್ರದ್ದು ಏನು ಕೆಲಸ?'

'ಗಂಧದಕಡ್ಡಿ. ಸ್ವಂತದ್ದು ಕಣೋ, ಕೂಲಿಯಲ್ಲ. ಯಾಕೆ?'

ಯಾಕೆ ಎಂದರೆ ಏನು ಹೇಳುವುದು? ಈ ಮನುಷ್ಯ ಚಾಕಿ ಮನೆಯ ಬಾಗಿಲಲ್ಲಿ ಎಷ್ಟು ಸಲ ನಿಂತಿಲ್ಲ, ಬೀಡಿ ಎಸೆದು ಕೈಕಾಲು ತೊಳೆದು ಬಾ ಅಂತ ಎಷ್ಟು ಸಲ ಹೇಳಿಸಿಕೊಂಡಿಲ್ಲ. 'ಚೀಲ ಆಟೋದಲ್ಲೇ ಇರ್ಲಿ, ಅವ್ನಿಗೆ ಕಾಯಕ್ಕೆ ಹೇಳಿ—' ಎಂದು ತಿರುಗುವಷ್ಟರಲ್ಲಿ ಆಟೋ ಹೊರಟುಹೋಗಿತ್ತು. ಜಗಲಿಯ ಮೂಲೆಯಲ್ಲಿ ನೆರಳಿದೆ, ಅಲ್ಲಿಟ್ಟರಾಯಿತು ಎಂದುಕೊಂಡ. ಅಷ್ಟರಲ್ಲಿ ಹುಡುಗಿಯ ತಾಯಿ ಪ್ರೇಮಲೀಲಾ ತಂಬಿಗೆಯಲ್ಲಿ ನೀರು ಹಿಡಿದು ಬಂದರು. 'ಬನ್ನಿ ಬನ್ನಿ, ಬಿಸ್ಲಲ್ಲಿ ಬಂದಿದ್ದೀರಾ' ಎನ್ನುತ್ತ ತಂಬಿಗೆ ಕೊಟ್ಟು, ಬಂದವರ ಕೈಯಲ್ಲಿ ಚೀಲ ಬಿಡಬಾರದು ಎನ್ನುವ ರೂಢಿಯಂತೆ ಅದನ್ನು ಈಸಿಕೊಂಡೇಬಿಟ್ಟರು. ಹೆಣ್ಣು ನೋಡಲು ಬಂದವರ ಚೀಲದಲ್ಲಿ ಹಣ್ಣು ಹೂವು ಬಿಟ್ಟು ಇನ್ನೇನಿರುತ್ತದೆ? ಬಂದ ಫಲ ಮೊದಲು ದೇವರ ಮುಂದೆ ಇಡಬೇಕು. 'ಅಮ್ಮ, ಅದು—' ಎಂದ ಶಿವಕುಮಾರನ ಕಾಲನ್ನು ಮಾವ ಬಲವಾಗಿ ತುಳಿದ. ಬರಿಗೈಯಲ್ಲಿ ಬಂದಿದ್ದೇವೆಂದು ಹೊಸಿಲಲ್ಲೇ ಒಪ್ಪಿಕೊಳ್ಳುವ ಮನಸ್ಸು ಮಾವನಿಗಿರಲಿಲ್ಲ.

ನಡುಮನೆಯ ಕುರ್ಚಿಯಲ್ಲಿ ಕೂತರೆ ದೇವರ ಮನೆ ನೇರ ಕಾಣುತ್ತಿತ್ತು. ಬಸವಣ್ಣನ ಪಟ, ಮಠದ ಹಿರಿಯ ಸ್ವಾಮಿಗಳ ಪಟ, ಅವುಗಳ ಮುಂದೆ ಮಣೆಯ ಮೇಲೆ ಅವನ ಚೀಲ. ಬೆಳಗಿನ ಪೂಜೆಯ ಕಡ್ಡಿಗಳು ಉರಿದು ಬೂದಿ ಉದುರಿತ್ತು. ಸದ್ಯ, ಹೊಗೆ ಇಲ್ಲ. ಗೋಡೆಗೆಲ್ಲ ಮೆತ್ತಿಕೊಂಡ ವಾಸನೆ ಮಾತ್ರ. ಚೀಲದೊಳಗೆ ಡಬ್ಬ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಅವನು ಕತ್ತು ಉದ್ದ ಮಾಡಿದ. ಅದನ್ನು ಭಕ್ತಿ ಎಂದುಕೊಂಡು ಹುಡುಗಿಯ ತಂದೆ ಗುರುಮಲ್ಲಪ್ಪನವರ ಮುಖ ಅರಳಿತು. ಬಿಳೀ ಪಂಚೆ, ಹಣೆಗೆ ಅಡ್ಡ ವಿಭೂತಿ, ಮಾತಿನಲ್ಲಿ ದುಡುಕಿಲ್ಲದ ಮನುಷ್ಯ. 'ಡ್ಯೂಟಿ ಯಾವ ಕಡೆ?' ಎಂದರು. 'ನರಸೀಪುರದ ಕಡೆ' ಎಂದ ಶಿವಕುಮಾರ. ಅದು ಸುಳ್ಳಲ್ಲ. 'ಆಫೀಸಲ್ಲಾ, ಫೀಲ್ಡಲ್ಲಾ?' 'ಪೂರ್ತಿ ಫೀಲ್ಡೇ.' ಅದೂ ಸುಳ್ಳಲ್ಲ. ನಿಜದ ತುಂಡುಗಳನ್ನೇ ಆಯ್ದು ಆಯ್ದು ಇಡುತ್ತ ಒಂದು ಹಸಿ ಸುಳ್ಳನ್ನು ಕಟ್ಟುತ್ತಿರುವ ತನ್ನ ಜಾಣತನ ಕಂಡು ಅವನಿಗೆ ಹೇಸಿಗೆಯಾಯಿತು. ಮಾವನಿಗೆ ಮಾತ್ರ ಹೊಟ್ಟೆ ತಣ್ಣಗಾಗಿತ್ತು.

'ನಮ್ಮದೂ ಹುಲ್ಲಹಳ್ಳಿ ಕಡೆ ಹೊಲ ಇತ್ತು ಕಣಪ್ಪ' ಎಂದರು ಗುರುಮಲ್ಲಪ್ಪ. 'ಮಾರ್ಬುಟ್ಟೆ. ಮಾರಿ ಈ ಶೆಡ್ಡು ಹಾಕ್ದೆ. ನಮ್ಮವ್ವ ಸೊಪ್ಪು ಕೊಯ್ದು ಕೊಯ್ದು ಕೊನೆಗಾಲದಲ್ಲಿ ಬಗ್ಗಿದ ಬೆನ್ನು ನೆಟ್ಟಗೇ ಆಗ್ಲಿಲ್ಲ. ಮಲಗಿಸಿದ್ರೂ ಬಗ್ಗೇ ಇತ್ತು. ಅವತ್ತೇ ಅಂದ್ಕೊಂಡೆ, ನನ್ನ ಮಗಳು ಹೊಲಕ್ಕೆ ಕಾಲಿಡಬಾರ್ದು ಅಂತ.' ಇದನ್ನು ಹೇಳುವಾಗ ಅವರ ದನಿಯಲ್ಲಿ ಜಂಬವಿರಲಿಲ್ಲ. ಇದ್ದಿದ್ದರೆ ಶಿವಕುಮಾರನಿಗೆ ಸುಲಭವಾಗುತ್ತಿತ್ತು.

ಸುಷ್ಮಾ ತಟ್ಟೆ ಹಿಡಿದು ಬಂದಳು. ಉಪ್ಪಿಟ್ಟು, ಕೇಸರಿಬಾತು. ಎಲ್ಲ ಮನೆಯಲ್ಲೂ ಇದೇ, ಆದರೆ ಈ ಹುಡುಗಿ ತಲೆ ತಗ್ಗಿಸಲಿಲ್ಲ. ತಟ್ಟೆ ಕೊಡುವಾಗ ನೆಟ್ಟಗೆ ಅವನ ಮುಖ ನೋಡಿದಳು, ಏನನ್ನೋ ಗುರುತು ಹಿಡಿಯುವವಳಂತೆ. ಅವಳ ಬೆರಳ ತುದಿಗಳಲ್ಲಿ ಊದುಬತ್ತಿ ಪುಡಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗದೆ ನಿಂತಿತ್ತು. ಅವನ ಉಗುರಿನ ಸಂದಿಯಲ್ಲೂ ಸೊಪ್ಪಿನ ಕಲೆ ಹಾಗೇ ಇತ್ತು, ಬೆಳಗ್ಗೆ ನಿಂಬೆ ಸಿಪ್ಪೆ ಹಾಕಿ ಉಜ್ಜಿದರೂ ಬಿಟ್ಟಿರಲಿಲ್ಲ. ಅವನು ಕೈ ಮುಚ್ಚಿಕೊಳ್ಳಲು ಹೋಗಿ ತಟ್ಟೆ ಬೀಳಿಸುವುದರಲ್ಲಿದ್ದ. ಅವಳು ತಟ್ಟೆಯ ಅಂಚನ್ನು ಇನ್ನೊಂದು ಗಳಿಗೆ ಬಿಡದೆ ಹಿಡಿದುಕೊಂಡಳು, ಅವನ ಹಿಡಿತ ಗಟ್ಟಿಯಾದ ಮೇಲೆ ಬಿಟ್ಟಳು. ಇದುವರೆಗೆ ಎಲ್ಲ ಕಡೆ ಅವನು ಒಪ್ಪಿಗೆಗಾಗಿ ಕಾದಿದ್ದ, ಯಾರನ್ನೂ ಬಯಸಿರಲಿಲ್ಲ. ಈಗ ಬಯಸಿದ. ಈ ಹುಡುಗಿ ಹೂಂ ಅಂದರೆ ಸಾಕು, ಇಲಾಖೆ ಅಂತಲಾದರೂ ಅನ್ನುತ್ತೇನೆ, ಇನ್ನೇನಂತಲಾದರೂ ಅನ್ನುತ್ತೇನೆ ಅನ್ನಿಸಿತು.

'ಹುಡುಗಿಗೆ ಒಪ್ಪಿಗೆ ಇದ್ದಂಗದೆ' ಎಂದು ಮಾವ ಉಪ್ಪಿಟ್ಟಿನ ಬಾಯಲ್ಲೇ ನಕ್ಕ. ಗುರುಮಲ್ಲಪ್ಪನವರು ಮಗಳ ಕಡೆ ನೋಡಿದರು. ಅವಳು ಬಾಗಿಲ ಹತ್ತಿರ ನಿಂತೇ ಇದ್ದಳು, ಒಳಗೆ ಹೋಗಲಿಲ್ಲ. ಅಷ್ಟು ಸಾಕಾಯಿತು ಅವರಿಗೆ. 'ಒಳ್ಳೇ ಮಾತು ಆಡೋವಾಗ ದೇವರ ಮುಂದೆ ಕಡ್ಡಿ ಉರೀತಿರಬೇಕು' ಎಂದು ಎದ್ದರು. ಶೆಡ್ಡಿನಿಂದ ಹೊಸ ಕಟ್ಟು ತಂದರು. ಇನ್ನೂ ಅಂಗಡಿಗೆ ಹೋಗಿಲ್ಲ, ನಿಮ್ಮ ಕಾಲ್ಗುಣದಲ್ಲೇ ಇದರ ಬೋಣಿ ಆಗಲಿ ಎಂದರು. ಒಂದಲ್ಲ ಎರಡಲ್ಲ, ಒಂದು ಹಿಡಿ ಕಡ್ಡಿಗೆ ಬೆಂಕಿ ತಾಗಿಸಿ, ಉರಿ ಆರಿಸಿ, ಚೀಲದ ಪಕ್ಕದಲ್ಲೇ ಇದ್ದ ಹಿತ್ತಾಳೆಯ ಊದುಬತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿ ಬಂದು ಕೂತರು.

ಹೊಗೆ ಮೊದಲು ನೆಟ್ಟಗೆ ಎದ್ದಿತು. ಆಮೇಲೆ ಫ್ಯಾನಿನ ಗಾಳಿಗೆ ಮುರಿದು ಮಣೆಯ ಮೇಲೆ ಹರಡಿತು. ಗುರುಮಲ್ಲಪ್ಪನವರು ಮಠದ ಕಲ್ಯಾಣಮಂಟಪದ ವಿಷಯ ಹೇಳುತ್ತಿದ್ದರು, ಮಾವ ಹೂಂ ಹೂಂ ಎನ್ನುತ್ತಿದ್ದ. ಶಿವಕುಮಾರನಿಗೆ ಹೊಗೆ ಬಿಟ್ಟು ಇನ್ನೇನೂ ಕಾಣಲಿಲ್ಲ. ಐದೇ ನಿಮಿಷ, ರಟ್ಟಿನ ಡಬ್ಬ ಇದೆಯಲ್ಲ, ಅದಕ್ಕೂ ಮೇಲೆ ಬಟ್ಟೆ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡ. ಬಟ್ಟೆ ಏನು ತಡೆಯುತ್ತದೆ ಮಣ್ಣು. ಹೋದ ವರ್ಷ ಆಯುಧಪೂಜೆಗೆ ಅವ್ವ ಕತ್ತಿ ಕುಡುಗೋಲಿಗೆ ಊದುಬತ್ತಿ ಬೆಳಗಿದವಳು, ಹುಳುವೂ ನಮ್ಮ ಲಕ್ಷ್ಮಿಯೇ ಅಲ್ಲವೇ ಎಂದು ಚಾಕಿ ಮನೆಗೂ ನುಗ್ಗಿ ಬೆಳಗಿ ಬಂದಿದ್ದಳು. ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸುತ್ತಿದ್ದವು. ಅವನು ಕಣ್ಣಾರೆ ನೋಡಿದ್ದ. ನೋಡಿಯೂ, ಏನಾಗಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಮಾರನೆಯ ದಿನ ಊರಿನ ರೈತ ಪುಟ್ಟಮಾದಯ್ಯನಿಗೆ ಆ ಹುಳುವಿನ ತಟ್ಟೆಗಳನ್ನು ಎತ್ತಿ ಕೊಟ್ಟಿದ್ದ. ಪುಟ್ಟಮಾದಯ್ಯನ ಮನೆಯಲ್ಲಿ ಒಂದು ಹುಳುವೂ ಗೂಡು ಕಟ್ಟಲಿಲ್ಲ. ಆತ ಬಂದು ಜಗಳ ಆಡುತ್ತಾನೆ ಎಂದು ದಿನಾ ಕಾದ. ಬಂದವನು ಜಗಳ ಆಡಲಿಲ್ಲ. ಖಾಲಿ ತಟ್ಟೆಗಳನ್ನು ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಜೋಡಿಸಿ ತಂದಿಟ್ಟು, 'ಈ ಸಲ ನಮ್ಮ ಅದೃಷ್ಟ ನೆಟ್ಟಗಿರ್ನಿಲ್ಲ ಕನಪ್ಪ' ಎಂದು ಹೋದ. ಈಗ ಈ ಚೀಲಕ್ಕಾಗಿ ತೋಟ ಸವರಿ ಕೂತಿರುವವರಲ್ಲಿ ಪುಟ್ಟಮಾದಯ್ಯನೂ ಒಬ್ಬ. ಹೊಗೆ ಚೀಲದ ಬಾಯಿಯ ಮಡಿಕೆಗಳಲ್ಲಿ ಇಳಿಯುತ್ತಿತ್ತು. ಎದ್ದರೆ ಈ ಮನೆ ಹೋಗುತ್ತದೆ, ಬಾಗಿಲಲ್ಲಿ ನಿಂತ ಇವಳು ಹೋಗುತ್ತಾಳೆ. ಕೂತರೆ ಮತ್ತೆ ತಟ್ಟೆ ತೊಳೆಸಬೇಕು ಆ ಮನುಷ್ಯನ ಕೈಯಲ್ಲಿ. ಇನ್ನೊಂದು ತುತ್ತು ಬಾಯಿಗೆ ಇಟ್ಟ.

ತಟ್ಟೆ ನೆಲಕ್ಕಿಟ್ಟು ಅವನು ಓಡಿದ. ತುಪ್ಪ ಮೆತ್ತಿದ ಎಂಜಲು ಕೈಯಲ್ಲೇ ದೇವರ ಮನೆಗೆ ನುಗ್ಗಿ, ಅದೇ ಕೈಯಲ್ಲಿ ಚೀಲ ಬಾಚಿಕೊಂಡು, ಪಟಗಳಿಗೆ ಬೆನ್ನು ಹಾಕಿ, ಅಡುಗೆಮನೆ ಹಾಯ್ದು ಹಿತ್ತಲಿಗೆ ಹೋದ. ಪ್ರೇಮಲೀಲಾ 'ಶಿವಶಿವಾ' ಎಂದದ್ದು ಬೆನ್ನ ಹಿಂದೆ ಕೇಳಿಸಿತು. ನುಗ್ಗೆ ಮರದ ಕೆಳಗೆ ಗಾಳಿಗೆ ಮುಖ ಮಾಡಿ ಚೀಲದ ಬಾಯಿ ಬಿಚ್ಚಿ, ಡಬ್ಬದ ಮುಚ್ಚಳ ತೆಗೆದು ನೋಡಿದ. ಕಪ್ಪು ಚುಕ್ಕಿಗಳು ಹಾಗೇ ಇದ್ದವು. ಹಾಗೇ ಇದ್ದರೆ ಬದುಕಿವೆ ಎಂದೂ ಅಲ್ಲ, ಸತ್ತಿವೆ ಎಂದೂ ಅಲ್ಲ. ಮಾವ ಏದುಸಿರು ಬಿಡುತ್ತ ಹಿಂದೆಯೇ ಬಂದ, ಅವನ ಹಿಂದೆ ಗುರುಮಲ್ಲಪ್ಪನವರು.

'ಇಲಾಖೆ ಮೊಟ್ಟೆ ಅಣ್ಣ, ಸರ್ಕಾರದ್ದು' ಎಂದು ಮಾವ ಬಡಬಡಿಸಿದ. 'ಒಗೆ ಆಗ್ಬಾರ್ದು ಇದ್ಕೆ. ಮೇಲಿನೋರು ಕೇಳ್ತಾರೆ ನೋಡಿ, ಅದ್ಕೇ ಗಾಬ್ರಿ ಬಿದ್ಬುಟ್ಟ.'

ಗುರುಮಲ್ಲಪ್ಪನವರು ಡಬ್ಬವನ್ನು ನೋಡಿದರು, ಅದನ್ನು ಹಿಡಿದಿದ್ದ ಕೈಯನ್ನು ನೋಡಿದರು. 'ಸರ್ಕಾರದ ಸಾಮಾನಿಗೆ ಎಂಜಲು ಕೈಲಿ ದೇವರ ಮನೆಗೆ ನುಗ್ಗಿದೋನನ್ನ ನಾನು ಇದುವರ್ಗೂ ನೋಡಿಲ್ಲ ಶಿವಲಿಂಗಯ್ಯ' ಎಂದರು. ಆಮೇಲೆ ಶಿವಕುಮಾರನ ಕಡೆ ತಿರುಗಿದರು. 'ಹೇಳಪ್ಪ, ಯಾರ್ದು ಈ ಮೊಟ್ಟೆ?'

'ನಮ್ಮದೇ' ಎಂದ ಶಿವಕುಮಾರ.

ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ. ಕೊಟ್ಟಿಗೆ ಕೆಡವಿದ್ದು, ಚಾಕಿ ಮನೆ, ಬೋರ್ಡು, ಇಲಾಖೆಗೂ ತನಗೂ ಇರುವ ನಂಟು ಅಷ್ಟೇ ಎನ್ನುವುದು, ಪುಟ್ಟಮಾದಯ್ಯನ ತಟ್ಟೆ, ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಬೆಳಗಿನಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದುಹೋಯಿತು. ನಾನು ಇಂಥವನು, ಬೇಕಾದರೆ ಒಪ್ಪಿ, ಬೇಡವಾದರೆ ಬಿಡಿ ಅನ್ನುವ ಗತ್ತು ಕೂಡ ಬಂತು ದನಿಗೆ. ಗುರುಮಲ್ಲಪ್ಪನವರು ಕೊನೆಯವರೆಗೂ ಕೇಳಿದರು. ಕೂಗಾಡಲಿಲ್ಲ. 'ಕೈ ತೊಳ್ಕೊಂಡು ಬಂದು ತಿಂಡಿ ಮುಗಿಸು' ಎಂದರು. 'ನೀನು ಒಳ್ಳೆಯವನು ಕಣಪ್ಪ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ನಾನು ಹೆಣ್ಣು ಕೊಡಲ್ಲ.' ಮಾವನ ಹೆಗಲ ಮೇಲೆ ಕೈ ಹಾಕಿ ಅವನನ್ನು ಒಳಗೆ ಕರೆದುಕೊಂಡು ಹೋದರು, ಸಾವಿನ ಮನೆಯಲ್ಲಿ ಕರೆದುಕೊಂಡು ಹೋಗುವ ಹಾಗೆ.

ಶಿವಕುಮಾರ ಹಿತ್ತಲ ನಲ್ಲಿಯಲ್ಲಿ ಕೈ ತೊಳೆದ. ಚೀಲದಲ್ಲಿದ್ದ ಟವೆಲು ನೆನೆಸಿ ಹಿಂಡಿ ಡಬ್ಬಕ್ಕೆ ಸುತ್ತಿದ. ಆಶ್ಚರ್ಯವೆಂದರೆ ಅವನಿಗೆ ದುಃಖವಾಗಿರಲಿಲ್ಲ. ಮೊದಲ ಸಲ ಒಂದು ಹೆಣ್ಣಿನ ಮನೆಯಿಂದ ತಲೆ ಎತ್ತಿಕೊಂಡು ಹೋಗುತ್ತಿದ್ದೇನೆ ಎಂಬ ಹೆಮ್ಮೆಯಿತ್ತು. ಹಿಂದೆ ಸದ್ದಾಯಿತು. ಸುಷ್ಮಾ ನಿಂತಿದ್ದಳು.

'ಮಾವನ ಮಾತು ಕೇಳಿ ತಪ್ಪು ಮಾಡ್ದೆ. ನಿಮಗೂ ಸುಳ್ಳು ಹೇಳಿದ್ದಕ್ಕೆ ಕ್ಷಮಿಸ್ಬೇಕು' ಎಂದ. ಈ ಮಾತು ಚೆನ್ನಾಗಿ ಬಂತು ಎಂದು ಅವನಿಗೇ ಅನ್ನಿಸಿತು.

'ನಂಗೆ ಯಾರೂ ಸುಳ್ಳು ಹೇಳಿಲ್ಲ' ಎಂದಳು. 'ನಿಮ್ಮನ್ನ ನಾನು ನೋಡಿದ್ದೆ. ದಸರಾ ಎಕ್ಸಿಬಿಷನ್ನಲ್ಲಿ, ರೇಷ್ಮೆ ಮಳಿಗೆ ಮುಂದೆ ತಟ್ಟೆ ಇಟ್ಕೊಂಡು ಹುಳು ತೋರಿಸ್ತಿದ್ರಿ. ಓದಿದೋರು ಇದನ್ನ ಕಂಪನಿ ಥರ ನಡೆಸ್ಬೋದು, ಗಂಡ ಹೆಂಡ್ತಿ ಇಬ್ರೇ ಸಾಕು ಅಂತ ಯಾರಿಗೋ ಹೇಳ್ತಿದ್ರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಊರು ಯಾವ್ದು ಅಂತ ಬೋರ್ಡಲ್ಲಿ ಓದ್ಕೊಂಡೆ. ಆಮೇಲೆ ನೋಡಿದ್ರೆ ನಮ್ಮ ಚಿಕ್ಕಮ್ಮನ ಗಂಡನ ಅಕ್ಕನ ಮಗ ಅಂತ ಗೊತ್ತಾಯ್ತು.'

'ಮತ್ತೆ ಇಲಾಖೆ ಅಂತ—'

'ಚಿಕ್ಕಮ್ಮನ ಹತ್ರ ಹೇಳಿ, ನಿಮ್ಮ ಮಾವನ ಬಾಯಲ್ಲಿ ಹಾಗೆ ಹೇಳಿಸಿದ್ದು ನಾನು ಕಣ್ರೀ.' ಅವಳ ದನಿ ಏರಲಿಲ್ಲ, ಕಣ್ಣು ಮಾತ್ರ ತುಂಬಿಕೊಂಡಿತ್ತು. 'ಅಪ್ಪ ಸುಳ್ಳು ಹೇಳಿದೋರನ್ನ ಬೇಕಾದ್ರೆ ಕ್ಷಮಿಸ್ತಾರೆ. ಮದುವೆ ಆದ್ಮೇಲೆ ಗೊತ್ತಾಗಿದ್ರೆ ನಾಲ್ಕು ದಿನ ಬೈದು ಸುಮ್ನಾಗ್ತಿದ್ರು. ಹ್ಞೂಂ ಅಂದೇಬಿಟ್ಟಿದ್ರಲ್ಲ ಅವ್ರು. ನೀವು ನನ್ನ ಕರೆದು ಒಂದ್ಮಾತು, ಆ ಚೀಲ ಸ್ವಲ್ಪ ಆಚೆ ಇಡಿ ಅಂದಿದ್ರೆ ನಾನೇ ತಂದಿಡ್ತಿದ್ದೆ. ಯಾಕೆ ಅಂತ ಕೂಡ ಕೇಳ್ತಿರ್ಲಿಲ್ಲ.'

ಅವನ ಕೈಯಲ್ಲಿ ಒದ್ದೆ ಟವೆಲು ಸುತ್ತಿದ ಡಬ್ಬ ಇತ್ತು. ಅಷ್ಟು ಸಣ್ಣ ಮಾತು ತನಗೆ ಹೊಳೆಯಲೇ ಇಲ್ಲವಲ್ಲ. ಬಾಗಿಲಲ್ಲೇ ನಿಂತಿದ್ದಳು. ಕರೆಯಬಹುದಿತ್ತು. ಇಡೀ ಮನೆಯಲ್ಲಿ ತನ್ನನ್ನು ಇದ್ದ ಹಾಗೇ ಬಯಸಿದವಳು ಇವಳೊಬ್ಬಳು, ಅವಳ ಕಡೆ ಬಿಟ್ಟು ಮಿಕ್ಕ ಎಲ್ಲ ಕಡೆ ನೋಡುತ್ತ ಕೂತಿದ್ದ. ಹಾಳಾದ ಹೆಮ್ಮೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇನ್ನೊಂದು ಸಲ ನಿಮ್ಮಪ್ಪನ ಹತ್ರ ಮಾತಾಡ್ಲಾ ಎಂದು ಕೇಳಲು ಬಾಯಿ ತೆರೆದ. ಅವಳು ತಲೆ ಅಲ್ಲಾಡಿಸಿದಳು.

'ಬದುಕ್ತಾವಾ ಅವು?' ಎಂದು ಡಬ್ಬದ ಕಡೆ ನೋಡಿದಳು. 'ಅಷ್ಟು ಹೊಗೆ ಕುಡಿದಿದಾವೆ. ಅವಾದ್ರೂ ಉಳೀಬೇಕು.'

'ಬದುಕ್ತವೆ. ಏನೂ ಆಗಿಲ್ಲ, ನಾನು ನೋಡ್ದೆ' ಎಂದ ಶಿವಕುಮಾರ. ಅವಳು ನಂಬಿದಳು. ನಂಬಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಎಷ್ಟು ಸಲೀಸಾಗಿ ಬಂತಲ್ಲ ಸುಳ್ಳು, ಆಗ ಆ ಕುರ್ಚಿಯ ಮೇಲೆ ಕೂತಿದ್ದಾಗ ಇದೆಲ್ಲಿ ಹೋಗಿತ್ತು ಎಂದುಕೊಳ್ಳುತ್ತ ಅವನು ಚೀಲವನ್ನು ಎದೆಗೊತ್ತಿಕೊಂಡು ಹಿತ್ತಲ ಬಾಗಿಲಿಂದಲೇ ಗಲ್ಲಿಗೆ ಇಳಿದ.